ಕೂಡಿ ಬದುಕುವ ಕಮ್ಯೂನಿಟಿ ಹುಡುಕ್ತಾ ಇದ್ದೇವೆ, ಗೊತ್ತಿದ್ದವರು ಹೇಳಿ

ಪ್ರಶ್ನೆ (ಸುರತ್ಕಲ್‌ನಿಂದ):
ನಾವು ಗಂಡ ಹೆಂಡತಿ ಇಬ್ರೇ, ಇವ್ರಿಗೆ ವರ್ಕ್ ಫ್ರಂ ಹೋಮ್, ನಂಗೆ ಗಿಡ ಅಂದ್ರೆ ಜೀವ. ಪಕ್ಕದ ಫ್ಲ್ಯಾಟಿನವರ ಹೆಸರೂ ಗೊತ್ತಿಲ್ಲದೆ ಇರೋದು ಸಾಕಾಗಿದೆ. ಒಟ್ಟಿಗೆ ತರಕಾರಿ ಬೆಳೆದು ಒಟ್ಟಿಗೆ ಊಟ ಮಾಡಿ, ಆದ್ರೆ ಮನೆ ಮಾತ್ರ ಅವರವರದ್ದು ಬೇರೆ ಬೇರೆ ಇರುವಂಥ ಜಾಗ ಬೇಕು. ಆಶ್ರಮ ಬೇಡ. ಪಾಂಡಿಚೇರಿ ಹತ್ರ ಬೇರೆ ಬೇರೆ ದೇಶದವರು ಕೂಡಿ ಬದುಕುವ ಆರೋವಿಲ್ ಅಂತ ಊರುಂಟಲ್ಲ, ಅಲ್ಲಿಗೆ ಹೋಗುವ ಯೋಚನೆ ಉಂಟು, ಆದ್ರೆ ಅತ್ತೆ ಉಡುಪಿಯಲ್ಲಿ ಒಬ್ರೇ ಇದ್ದಾರೆ. ಈ ಕಡೆ ಎಂತಾದ್ರೂ ಉಂಟಾ?

ಉತ್ತರ 1:
ಆರೋವಿಲ್ 1968ರಲ್ಲಿ ಶುರುವಾದದ್ದು, ಅಲ್ಲಿ ನೀವೇ ದುಡ್ಡು ಹಾಕಿ ಕಟ್ಟಿದ್ರೂ ಮನೆ ನಿಮ್ಮ ಹೆಸರಿಗೆ ಆಗೋದಿಲ್ಲ. ಅದು ಇಬ್ರಿಗೂ ಒಪ್ಪಿಗೆಯಾ ಅಂತ ಮೊದ್ಲು ಕೂತು ಮಾತಾಡಿ. ವಾಲಂಟಿಯರ್ ಆಗಿ ಸ್ವಲ್ಪ ಸಮಯ ಇದ್ದು ನೋಡಿ.

ಉತ್ತರ 2 (ಕಾರ್ಕಳ):
ಅಕ್ಕ, ರೆಡಿ ಇದ್ದದ್ದು ಹುಡುಕುವ ಬದ್ಲು ನಾಲ್ಕು ಮನೆಯವರು ಸೇರಿ ಶುರು ಮಾಡಿ. ಕರ್ನಾಟಕದ ಭೂ ಸುಧಾರಣಾ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿ ನಂತರ ಕೃಷಿಕರಲ್ಲದವರೂ ಕೃಷಿ ಜಾಗ ತಗೊಳ್ಬಹುದು, ಆದ್ರೆ ನಾಲ್ಕು ಮನೆ ಕಟ್ಟುದಾದ್ರೆ ಕನ್ವರ್ಶನ್ (ಕೃಷಿ ಜಾಗವನ್ನು ಮನೆ ಕಟ್ಲಿಕ್ಕೆ ಬದಲಾಯಿಸುದು) ವಿಷಯ ವಕೀಲರ ಹತ್ರ ಮೊದ್ಲೇ ಕೇಳಿ. ಜಾಗ ನೋಡ್ಲಿಕ್ಕೆ ಮಳೆಗಾಲದಲ್ಲಿ ಹೋಗ್ಬೇಡಿ, ಆಗ ಎಲ್ಲ ಕಡೆ ಹಸಿರೇ, ಏಪ್ರಿಲ್ ಕೊನೆಗೆ ಹೋಗಿ ಬಾವಿಗೆ ಬಗ್ಗಿ ನೋಡಿ, ತಳದ ಕಲ್ಲು ಕಾಣ್ತಾ ಇದ್ರೆ ಆ ಜಾಗ ಬಿಡಿ. ಮತ್ತೆ ಒಬ್ರು ಬಿಟ್ಟು ಹೋದ್ರೆ ಅವರ ಪಾಲು ಯಾರಿಗೆ, ಯಾವ ರೇಟಿಗೆ, ಇದನ್ನು ಸ್ನೇಹ ಚೆನ್ನಾಗಿರುವಾಗ್ಲೇ ಬರೆದಿಡಿ ಮಾರಾಯ್ರೆ.

ಉತ್ತರ 3:
ಅಡುಗೆಮನೆ ವಿಷಯ ಮರೀಬೇಡಿ. ಮೀನು ತಿನ್ನುವವರು, ತಿನ್ನದವರು ಒಂದೇ ಒಲೆಯಲ್ಲಿ ಹೇಗೆ ಅಂತ ಮೊದ್ಲೇ ಬಾಯಿಬಿಟ್ಟು ಕೇಳಿ.

ಪ್ರಶ್ನೆ ಕೇಳಿದವರು:
ನಾವು ಬಂಗುಡೆ ಬಿಡುವವರಲ್ಲ, ಹೊರಗೆ ಬೇರೆ ಒಲೆ ಇಟ್ರೆ ಆಯ್ತು. ಕಾರ್ಕಳದವ್ರೇ, ಏಪ್ರಿಲ್‌ನಲ್ಲಿ ಆ ಕಡೆ ಬರ್ತೇವೆ, ಜಾಗ ತೋರಿಸ್ತೀರಾ?