ಬಾಲ ಸೈನಿಕರು: ವಯಸ್ಸಿನ ಮಿತಿ 15 ಅಥವಾ 18?

ಕೆಂಡಸಂಪಿಗೆ: ಕಾಂಗೋದ ಬಂಡುಕೋರ ನಾಯಕ ಲುಬಾಂಗಾನ ಕೇಸ್ ಓದುತ್ತಿದ್ದೆ. 15ರೊಳಗಿನ ಮಕ್ಕಳನ್ನು ತನ್ನ ಪಡೆಗೆ ಸೇರಿಸಿಕೊಂಡು ಬಳಸಿದ್ದಕ್ಕೆ 2012ರಲ್ಲಿ 14 ವರ್ಷ ಜೈಲು. ಆದರೆ ಬೇರೆ ಕಡೆ 18 ಅಂತಾರೆ. ಹಾಗಾದರೆ 16ರ ಹುಡುಗನನ್ನು ಎಳೆದುಕೊಂಡು ಹೋದರೆ ಕೇಳುವವರೇ ಇಲ್ವಾ?

ಹಳೇಕಡತ: ಎರಡೂ ಸರಿ. ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ಕೋರ್ಟ್ (ಲುಬಾಂಗಾಗೆ ಶಿಕ್ಷೆ ಕೊಟ್ಟಿದ್ದು ಇದೇ) ನಡೆಯುವುದು ಅದನ್ನು ಸ್ಥಾಪಿಸಿದ ಒಪ್ಪಂದವಾದ ರೋಮ್ ಶಾಸನದ ಮೇಲೆ, ಅದರಲ್ಲಿ ಯುದ್ಧಾಪರಾಧ ಆಗುವುದು 15ರೊಳಗಿದ್ದರೆ ಮಾತ್ರ. 18 ಬಂದಿದ್ದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಸೇರಿಸಿದ 2000ದ ಐಚ್ಛಿಕ ಪ್ರೋಟೋಕಾಲ್‌ನಿಂದ. ಅದರಲ್ಲೂ ಸರ್ಕಾರಿ ಸೇನೆಗೆ ರಿಯಾಯಿತಿ ಇದೆ, 16 ತುಂಬಿದವರು ತಾವಾಗಿಯೇ ಬಂದರೆ ಸೇರಿಸಿಕೊಳ್ಳಬಹುದು, ನೇರ ಕಾಳಗಕ್ಕೆ ಇಳಿಸದಂತೆ ನೋಡಿಕೊಳ್ಳಬೇಕು ಅಷ್ಟೆ. ಬಂಡುಕೋರರಿಗೆ ಮಾತ್ರ ಖಡಾಖಂಡಿತ 18. ಈ ತಾರತಮ್ಯ ನನಗಂತೂ ಹಿಡಿಸಿಲ್ಲ.

ಮಲ್ನಾಡ್_ಮಳೆ: ವಯಸ್ಸು ಸಾಬೀತು ಮಾಡುವುದೇ ದೊಡ್ಡ ತಲೆನೋವು, ಜನನ ಪತ್ರ ಎಲ್ಲಿಂದ ತರುತ್ತಾರೆ? ಲುಬಾಂಗಾ ಕೇಸಲ್ಲಿ ರ್‍ವಾಂಪಾರಾ ತರಬೇತಿ ಶಿಬಿರದ ವಿಡಿಯೋ ಇತ್ತು. ಅವನು ಭಾಷಣ ಮಾಡುತ್ತಿದ್ದಾನೆ, ಮುಂದೆ ನಿಂತವರಲ್ಲಿ ಕೆಲವರು ನೋಡಿದರೇ ಚಿಕ್ಕ ಮಕ್ಕಳು. ಜಡ್ಜ್‌ಗಳು ಅದನ್ನು ಸಾಕ್ಷಿಯಾಗಿ ಒಪ್ಪಿದರು.

ಸುಮ್ನೆಒಬ್ಬ: ಉಗಾಂಡಾದ ಓಂಗ್ವೆನ್ ಕೇಸ್ ಇನ್ನೂ ಗೋಜಲು. ಚಿಕ್ಕವನಿದ್ದಾಗ ಅವನನ್ನೇ ಬಂಡುಕೋರರು ಹೊತ್ತೊಯ್ದಿದ್ದರು. ಬೆಳೆದು ಕಮಾಂಡರ್ ಆದ, ತಾನೂ ಮಕ್ಕಳನ್ನು ಸೇರಿಸಿಕೊಂಡ. 2021ರಲ್ಲಿ 25 ವರ್ಷ ಶಿಕ್ಷೆ. ಬಾಲ್ಯ ನೋಡಿ ಶಿಕ್ಷೆ ಕಡಿಮೆ ಮಾಡಿದರು, ಬಿಡಲಿಲ್ಲ.

ಕೆಂಡಸಂಪಿಗೆ: ಬಿಡಬಾರದಿತ್ತು ಕೂಡ. ಆದರೆ ಅವನನ್ನು ಹೊತ್ತೊಯ್ದವರಿಗೆ?