ವರ್ಜೀನಿಯಾದ ಹತ್ತನೇ ಕ್ಷೇತ್ರವೂ ನಮ್ಮ ಮಕ್ಕಳೂ

ಇತ್ತೀಚೆಗೆ ಅಮೆರಿಕದ ಪೌರತ್ವ ಪಡೆದ ನಮ್ಮ ಸಂಘದ ಸದಸ್ಯರೊಬ್ಬರು ಕೇಳಿದ್ದಾರೆ: ಅಧ್ಯಕ್ಷರ ಚುನಾವಣೆಗೆ ಮತ ಹಾಕಿದರೆ ಸಾಲದೇ, ನಡುವೆ ಬರುವ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಚುನಾವಣೆಗೂ ಮಕ್ಕಳನ್ನು ಕರೆದುಕೊಂಡು ಹೋಗಬೇಕೇ? ಹೋಗಲೇಬೇಕು. ನಾವಿರುವ ವರ್ಜೀನಿಯಾದಲ್ಲೇ ಅದಕ್ಕೆ ಸಾಕ್ಷಿ ಇದೆ.

2018ರ ಚುನಾವಣೆಗೆ ಮುನ್ನ ಕಾಂಗ್ರೆಸ್ ಕೆಳಮನೆಯಲ್ಲಿ ರಾಜ್ಯಕ್ಕಿರುವ 11 ಸ್ಥಾನಗಳಲ್ಲಿ ಏಳು ರಿಪಬ್ಲಿಕನ್ ಪಕ್ಷದ ಕೈಯಲ್ಲಿದ್ದವು, ನಾಲ್ಕು ಡೆಮಾಕ್ರಟಿಕ್ ಪಕ್ಷದ ಕೈಯಲ್ಲಿ. ಎಣಿಕೆ ಮುಗಿದಾಗ ಲೆಕ್ಕ ತಿರುಗುಮುರುಗಾಗಿತ್ತು. ಎರಡನೇ ಕ್ಷೇತ್ರದಲ್ಲಿ ಎಲೇನ್ ಲೂರಿಯಾ, ಏಳನೆಯದರಲ್ಲಿ ಅಬಿಗೇಲ್ ಸ್ಪ್ಯಾನ್‌ಬರ್ಗರ್, ನಮ್ಮ ಹತ್ತನೆಯದರಲ್ಲಿ ಜೆನಿಫರ್ ವೆಕ್ಸ್‌ಟನ್ ಗೆದ್ದರು. 1980ರಲ್ಲಿ ರಿಪಬ್ಲಿಕನ್ ಪಕ್ಷದ ಫ್ರಾಂಕ್ ವುಲ್ಫ್ ಗೆದ್ದು ಹದಿನೇಳು ಅವಧಿ ಉಳಿಸಿಕೊಂಡ ಕ್ಷೇತ್ರವಿದು.

ಟ್ರಂಪ್ ವಿರೋಧಿ ಅಲೆಯೇ ಕಾರಣ ಎನ್ನುವವರಿದ್ದಾರೆ. ಅಲೆ ಇತ್ತು, ನಿಜ. ಆದರೆ ನಮ್ಮ ಹತ್ತನೇ ಕ್ಷೇತ್ರದ ಲೌಡನ್ ಕೌಂಟಿಯ (ಜಿಲ್ಲೆಯ) ಜನಸಂಖ್ಯೆ ನೋಡಿ: 1990ರಲ್ಲಿ ಸುಮಾರು 86 ಸಾವಿರ, 2020ರಲ್ಲಿ 4.2 ಲಕ್ಷ. ಡಲ್ಲೆಸ್ ವಿಮಾನ ನಿಲ್ದಾಣದ ಸುತ್ತ ಕಂಪನಿಗಳು ಬಂದವು, ಆಶ್‌ಬರ್ನ್‌ನಲ್ಲಿ ಡೇಟಾ ಸೆಂಟರ್‌ಗಳು ಎದ್ದವು, ಹೊಲಗಳಿದ್ದಲ್ಲಿ ಬಡಾವಣೆಗಳಾದವು. ಪಕ್ಷ ಬದಲಾಗುವ ಮೊದಲೇ ಊರು ಬದಲಾಗಿತ್ತು. ಹಾಗೆಂದು ಗೆದ್ದದ್ದು ಯಾರ ಕೈಯಲ್ಲೂ ಶಾಶ್ವತವಾಗಿ ಉಳಿಯಲಿಲ್ಲ. ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಎಳೆದ ಮೇಲೆ, 2022ರಲ್ಲಿ, ಲೂರಿಯಾ ಅವರನ್ನು ರಿಪಬ್ಲಿಕನ್ ಪಕ್ಷದ ಜೆನ್ ಕಿಗ್ಗನ್ಸ್ ಸೋಲಿಸಿದರು.

ನನ್ನ ಮಟ್ಟಿಗೆ ನವೆಂಬರ್‌ನ ಅಂತಿಮ ಚುನಾವಣೆಗಿಂತಲೂ ಪ್ರೈಮರಿಯೇ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮೊದಲ ಸುತ್ತಿನ ಮತದಾನವೇ, ಮುಖ್ಯ. ವೆಕ್ಸ್‌ಟನ್ ಅನಾರೋಗ್ಯದಿಂದ ಹಿಂದೆ ಸರಿದಾಗ, 2024ರ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಹನ್ನೆರಡು ಮಂದಿ ಕಣಕ್ಕಿಳಿದರು. ಸುಮಾರು ಶೇ. 30 ಮತ ಪಡೆದ ಸುಹಾಸ್ ಸುಬ್ರಮಣ್ಯಂ ಗೆದ್ದರು. ಅವರ ತಂದೆತಾಯಿ ಭಾರತದಿಂದ ವಲಸೆ ಬಂದವರು. ಮತ ಹಾಗೆ ಹರಿದು ಹಂಚಿಹೋದಾಗ ಒಂದು ಬಡಾವಣೆಯ ಮತಕ್ಕೂ ತೂಕ ಬರುತ್ತದೆ. ವರ್ಜೀನಿಯಾದಲ್ಲಿ ಮತದಾರರು ಪಕ್ಷದ ಹೆಸರಿನಲ್ಲಿ ನೋಂದಾಯಿಸಿಕೊಳ್ಳುವುದಿಲ್ಲ, ನಿಮಗೆ ಬೇಕಾದ ಪಕ್ಷದ ಪ್ರೈಮರಿಯಲ್ಲಿ ಮತ ಹಾಕಬಹುದು. ಇಷ್ಟು ಅನುಕೂಲವಿದ್ದೂ ಮನೆಯಲ್ಲೇ ಕುಳಿತುಕೊಳ್ಳುವುದು ನನಗೆ ಸಹಿಸಲಾಗದ ಸಂಗತಿ.

ಇನ್ನು ಮಕ್ಕಳ ವಿಷಯ. ಇಲ್ಲಿ ಪುಟ್ಟ ವಯಸ್ಸಿನಿಂದ ಬೆಳೆದು, ಇಲ್ಲಿಯ ಶಾಲೆಯಲ್ಲೇ ಓದಿದ ಎಷ್ಟೋ ಮಕ್ಕಳು ಎಚ್-4 ವೀಸಾದಲ್ಲಿ, ಅಂದರೆ ಅಪ್ಪ ಅಥವಾ ಅಮ್ಮನ ಉದ್ಯೋಗ ವೀಸಾದ ಆಸರೆಯಲ್ಲಿ, ಇದ್ದಾರೆ. 21 ತುಂಬುವಷ್ಟರಲ್ಲಿ ಗ್ರೀನ್ ಕಾರ್ಡ್ (ಖಾಯಂ ವಾಸದ ಪರವಾನಗಿ) ಬರದಿದ್ದರೆ ಆ ಆಸರೆ ತಪ್ಪುತ್ತದೆ. ಬೇರೆ ವೀಸಾ ಹುಡುಕಬೇಕು, ಇಲ್ಲವೇ ದೇಶ ಬಿಡಬೇಕು. ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್‌ಗೆ ಒಂದೊಂದು ದೇಶದವರಿಗೆ ವರ್ಷಕ್ಕೆ ಇಷ್ಟೇ ಎಂದು ನಮ್ಮವರನ್ನು ಕಾಯಿಸುವ ಮಿತಿಯನ್ನು ತೆಗೆಯುವ ಮಸೂದೆ 2019ರ ಜುಲೈನಲ್ಲಿ ಕೆಳಮನೆಯಲ್ಲಿ 365–65 ಮತಗಳಿಂದ ಅಂಗೀಕಾರವಾಯಿತು, ಎರಡೂ ಪಕ್ಷದವರು ಬೆಂಬಲಿಸಿದರು. 2020ರ ಡಿಸೆಂಬರ್‌ನಲ್ಲಿ ಮೇಲ್ಮನೆಯಾದ ಸೆನೆಟ್ ತನ್ನದೇ ಬೇರೆ ರೂಪವನ್ನು ಒಪ್ಪಿತು. ಎರಡನ್ನೂ ಹೊಂದಿಸುವ ಮೊದಲೇ ಆ ಕಾಂಗ್ರೆಸ್‌ನ ಅವಧಿ ಮುಗಿದು ಮಸೂದೆ ಬಿದ್ದುಹೋಯಿತು. ನಮ್ಮ ಮನೆಗಳ ನಿದ್ದೆಗೆಡಿಸುವ ಈ ಪ್ರಶ್ನೆಗೆ ಉತ್ತರ ಬರಬೇಕಾದದ್ದು ಕಾಂಗ್ರೆಸ್‌ನಿಂದಲೇ. ವೀಸಾದಲ್ಲಿರುವ ಅಪ್ಪ ಅಮ್ಮ ಮತ ಹಾಕುವಂತಿಲ್ಲ. ಪೌರತ್ವ ಸಿಕ್ಕ ನಾವು ಅವರ ಪರವಾಗಿಯೂ ಯೋಚಿಸಿ ಮತ ಹಾಕಬೇಕಲ್ಲವೇ?

ಗ್ರೀನ್ ಕಾರ್ಡ್ ಅಥವಾ ವೀಸಾದಲ್ಲಿರುವವರಿಗೆ ಒಂದು ಎಚ್ಚರಿಕೆ. ಚಾಲನಾ ಪರವಾನಗಿ ಮಾಡಿಸುವಾಗ ಮತದಾರರ ನೋಂದಣಿಯ ಪ್ರಶ್ನೆ ಬರುತ್ತದೆ. ಪೌರರಲ್ಲದವರು ಅವಸರದಲ್ಲಿ ಹೌದು ಎಂದು ಗುರುತು ಮಾಡಬೇಡಿ, ಮುಂದೆ ಪೌರತ್ವಕ್ಕೇ ಕುತ್ತು ಬರಬಹುದು. ಆದರೆ ವಲಸೆ ಇಲಾಖೆಯಲ್ಲಿ ಕಡತ ಸಿಕ್ಕಿಹಾಕಿಕೊಂಡಿದ್ದರೆ ನಿಮ್ಮ ಕ್ಷೇತ್ರದ ಸಂಸದರ ಕಚೇರಿಗೆ ಬರೆಯಲು ಪೌರತ್ವ ಬೇಕಿಲ್ಲ. ಸಂಕೋಚಪಡದೆ ಬರೆಯಿರಿ.

ಮತಗಟ್ಟೆಗೆ ಮಕ್ಕಳನ್ನು ಕರೆದೊಯ್ಯಲು ಅಡ್ಡಿಯಿಲ್ಲ. 15 ವರ್ಷದವರೆಗಿನವರು ನಿಮ್ಮ ಜೊತೆ ಒಳಗೇ ಬರಬಹುದು. ಬಾಗಿಲಿನಿಂದ 40 ಅಡಿ ದೂರದಲ್ಲಿ ಎರಡೂ ಪಕ್ಷದವರು ಮಾದರಿ ಮತಪತ್ರ ಹಿಡಿದು ನಿಂತಿರುತ್ತಾರೆ. ಎರಡನ್ನೂ ಪಡೆದು ಮಕ್ಕಳ ಮುಂದೆ ಓದಿ, ಯಾರಿಗೆ ಏಕೆ ಎಂದು ಮಾತನಾಡಿ. ಕಾಗದದ ಮೇಲಿನ ಅಂಡಾಕಾರದ ಗುರುತನ್ನು ನೀವು ಕಪ್ಪಾಗಿ ತುಂಬುವುದನ್ನೂ ಯಂತ್ರ ಆ ಹಾಳೆಯನ್ನು ಒಳಗೆಳೆದುಕೊಳ್ಳುವುದನ್ನೂ ಅವರು ಕಣ್ಣಾರೆ ನೋಡಲಿ. ಪೌರತ್ವವಿರುವ ಮಗ ಅಥವಾ ಮಗಳಿಗೆ ಈಗ 17 ಆಗಿದ್ದು, ನವೆಂಬರ್ ಚುನಾವಣೆಯ ಹೊತ್ತಿಗೆ 18 ತುಂಬುವುದಾದರೆ ಪ್ರೈಮರಿಯಲ್ಲೇ ಮತ ಹಾಕಬಹುದು. ಅವರ ನೋಂದಣಿಯನ್ನು ಈಗಲೇ ಮಾಡಿಸಿ.