ಎಂಟನೇ ದಿನಕ್ಕೆ ಮೊಯಿನಾ ಕಲ್ಚರ್ ಪೂರ್ತಿ ಸಾಯ್ತಿದೆ, ಎಲ್ಲಿ ತಪ್ಪಾಗ್ತಿದೆ?

ದಾವಣಗೆರೆ ಗಪ್ಪಿ:
ಎಲ್ಲರಿಗೂ ನಮಸ್ಕಾರ. ಗಪ್ಪಿ ಮೀನಿನ ಮರಿಗಳಿಗೆ ತಿನ್ನಿಸೋಕೆ ಅಂತ ಮೊಯಿನಾ (ಒಂದು ಥರದ ಸಣ್ಣ ನೀರು ಚಿಗಟ) ಬಕೆಟ್‌ನಲ್ಲಿ ಬೆಳೆಸ್ತಿದ್ದೀನಿ. ಸತತ ಮೂರನೇ ಸಲ ಹೀಗಾಗ್ತಿದೆ. ಆರನೇ ದಿನಕ್ಕೆ ಬಕೆಟ್ ತುಂಬ ಕಿಕ್ಕಿರಿದಿರ್ತವೆ, ಎಂಟನೇ ದಿನ ಬೆಳಗ್ಗೆ ನೋಡಿದ್ರೆ ಎಲ್ಲ ಸತ್ತು ತಳ ಸೇರಿರ್ತವೆ. ನೀರು ತೆಳು ಮಜ್ಜಿಗೆ ಥರ ಬೆಳ್ಳಗೆ, ಹುಳಿ ವಾಸನೆ. ಹಿಂದಿನ ದಿನ ಸಂಜೆ ಮೊಯಿನಾ ಕೆಂಪಗಾಗಿ ಮೇಲೆ ಗುಂಪು ಕಟ್ಟಿದ್ದವು.
20 ಲೀಟರ್ ಬಕೆಟ್, ಅದರಲ್ಲಿ 15 ಲೀಟರ್ ಬೋರ್ ನೀರು. ಮಹಡಿ ಮೇಲೆ, ಬಿಸಿಲಲ್ಲಿ. ದಿನಾ ಬೆಳಗ್ಗೆ ಒಂದು ಟೀ ಚಮಚ ಡ್ರೈ ಈಸ್ಟ್, ಅರ್ಧ ಚಮಚ ಸಕ್ಕರೆ. ಏರ್ ಪಂಪ್ ಇಲ್ಲ. ಚೆನ್ನಾಗಿ ತುಂಬ್ಲಿ ಅಂತ ಇನ್ನೂ ಹಿಡಿಯೋಕೆ ಶುರು ಮಾಡಿಲ್ಲ.

ಹಸಿರುತೊಟ್ಟಿ:
ಸರ್, ಮಧ್ಯಾಹ್ನ 3 ಗಂಟೆಗೆ ನೀರಿನ ಉಷ್ಣಾಂಶ ಎಷ್ಟಿರುತ್ತೆ? ಮತ್ತೆ, ಹಿಂದಿನ ದಿನ ಹಾಕಿದ ಈಸ್ಟ್ ಮರುದಿನ ಬೆಳಗ್ಗೆಗೆ ತಿಳಿಯಾಗಿರುತ್ತಾ?

ದಾವಣಗೆರೆ ಗಪ್ಪಿ:
ಈಗ ನೋಡಿದೆ ಸರ್, 35 ಡಿಗ್ರಿ. ನೀರು ಮೊದಲ ಎರಡು ದಿನ ತಿಳಿ ಆಗಿತ್ತು, ಆಮೇಲೆ ಆಗೇ ಇಲ್ಲ.

ಹಸಿರುತೊಟ್ಟಿ:
ಹಾಗಾದರೆ ಕಾರಣ ಅಲ್ಲೇ ಇದೆ. ಮೊಯಿನಾ ಕೆಂಪಗಾಗುವುದು ಆಮ್ಲಜನಕ ಕಡಿಮೆಯಾದಾಗ. ನೀರಲ್ಲಿ ಸಿಗುವ ಅಷ್ಟಿಷ್ಟನ್ನೂ ಹಿಡಿದುಕೊಳ್ಳಲು ಅದು ಮೈಯಲ್ಲಿ ಹಿಮೋಗ್ಲೋಬಿನ್ ಹೆಚ್ಚಿಸಿಕೊಳ್ಳುತ್ತದೆ. ಕೆಂಪಾಗಿ ಮೇಲೆ ಬಂದು ಗುಂಪು ಕಟ್ಟಿದರೆ ನಿಮಗೆ ಉಳಿದಿರುವುದು ಕೆಲವೇ ಗಂಟೆ. ಆಗಲೇ ಅರ್ಧ ನೀರು ಬದಲಿಸಿ ಗಾಳಿ ಕೊಟ್ಟಿದ್ದರೆ ಒಂದಷ್ಟು ಉಳಿಯುತ್ತಿತ್ತು.

ಈಸ್ಟ್ ಲೆಕ್ಕ ನೋಡಿ. 100 ಲೀಟರ್‌ಗೆ 2ರಿಂದ 4 ಗ್ರಾಂ ಸಾಕು. ನಿಮ್ಮ 15 ಲೀಟರ್‌ಗೆ ಹೆಚ್ಚೆಂದರೆ ಅರ್ಧ ಗ್ರಾಂ, ಅಂದರೆ ಟೀ ಚಮಚದ ಆರನೇ ಒಂದು ಭಾಗ. ನೀವು ಹಾಕುತ್ತಿರುವುದು ಸುಮಾರು 3 ಗ್ರಾಂ, ಅದೂ ದಿನಾ. ತಿನ್ನದೆ ಉಳಿದ ಈಸ್ಟ್ ತಳದಲ್ಲಿ ಕೊಳೆಯುತ್ತೆ, ಬ್ಯಾಕ್ಟೀರಿಯಾ ವಿಪರೀತ ಹೆಚ್ಚಿ ಆಮ್ಲಜನಕವನ್ನೆಲ್ಲ ಖಾಲಿ ಮಾಡುತ್ತೆ, ಅಮೋನಿಯಾ ಏರುತ್ತೆ. ಸಕ್ಕರೆ ಈ ಬ್ಯಾಕ್ಟೀರಿಯಾಕ್ಕೆ ಹಬ್ಬದೂಟ. ಮೊಯಿನಾಗೆ ಅದರಿಂದ ಏನೂ ಇಲ್ಲ, ಪೂರ್ತಿ ನಿಲ್ಲಿಸಿ. ಇದರ ಮೇಲೆ 35 ಡಿಗ್ರಿ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಮೊಯಿನಾಗೆ ಹಿತವಾದದ್ದು 24ರಿಂದ 31.

ಮುಖ್ಯವಾದ ಮಾತು: ಆಹಾರ ಹಾಕಬೇಕೋ ಬೇಡವೋ ಅಂತ ಗಡಿಯಾರ ನೋಡಿ ತೀರ್ಮಾನಿಸಬೇಡಿ, ನೀರು ನೋಡಿ. ಈಸ್ಟನ್ನು ಒಂದು ಲೋಟ ಉಗುರುಬೆಚ್ಚಗಿನ ನೀರಲ್ಲಿ ಗಂಟಿಲ್ಲದಂತೆ ಕದಡಿ, ಹತ್ತು ನಿಮಿಷ ಬಿಟ್ಟು, ತಳದಲ್ಲಿ ಕೂತದ್ದನ್ನು ಬಿಟ್ಟು ಮೇಲಿನ ನೀರು ಮಾತ್ರ ಹಾಕಿ. ಬಕೆಟ್ ನೀರು ಸ್ವಲ್ಪ ಮಸುಕಾಗಬೇಕು, ಅಷ್ಟೇ. 24 ಗಂಟೆಯಲ್ಲಿ ತಿಳಿಯಾದರೆ ಅಷ್ಟೇ ಪ್ರಮಾಣ ಮತ್ತೆ ಹಾಕಿ. ತಿಳಿಯಾಗದಿದ್ದರೆ ಎರಡು ದಿನವಾದರೂ ಸರಿ, ಕಾಯಿರಿ. ಹಸಿವಿನಿಂದ ಮೊಯಿನಾ ನಿಧಾನಕ್ಕೆ ಕಡಿಮೆಯಾಗುತ್ತೆ, ಸರಿಪಡಿಸೋಕೆ ಸಮಯ ಸಿಗುತ್ತೆ. ಹೆಚ್ಚು ತಿಂಡಿ ಹಾಕಿದರೆ ಒಂದೇ ರಾತ್ರಿಯಲ್ಲಿ ಎಲ್ಲ ಮುಗಿಯುತ್ತೆ.

ಏರ್ ಪಂಪ್ ಹಾಕುವಾಗ ಏರ್ ಸ್ಟೋನ್ (ಗಾಳಿಯನ್ನು ಸಣ್ಣ ಗುಳ್ಳೆ ಮಾಡುವ ಕಲ್ಲು) ಬೇಡ, ಪೈಪಿನ ತುದಿ ಹಾಗೇ ಬಿಡಿ. ಸಣ್ಣ ಗುಳ್ಳೆಗಳು ಚಿಪ್ಪಿನೊಳಗೆ ಸಿಕ್ಕಿಕೊಂಡು ಮೊಯಿನಾ ಮೇಲೆ ತೇಲುತ್ತೆ, ಕೆಳಗಿಳಿಯಲಾರದೆ ಸಾಯುತ್ತೆ. ದಪ್ಪ ಗುಳ್ಳೆ, ಸೆಕೆಂಡಿಗೆ ಎರಡು ಮೂರು ಬಂದರೆ ಸಾಕು.

ಮೀನ್‌ಮನೆ:
ಮೇಲಿನದೆಲ್ಲ ಸರಿ. ಆದರೆ ಈಸ್ಟ್ ಸರಿಮಾಡಿದರೂ ಹೀಗೇ ತುಂಬಲು ಬಿಟ್ಟರೆ ಇನ್ನೊಂದು ವಾರಕ್ಕೆ ಕಲ್ಚರ್ ಮತ್ತೆ ಸಾಯುತ್ತೆ. ಹುಟ್ಟಿದ ಮೊಯಿನಾ ನಾಲ್ಕೈದು ದಿನಕ್ಕೇ ಮರಿ ಹಾಕುತ್ತೆ, ಆಮೇಲೆ ಒಂದೂವರೆ ಎರಡು ದಿನಕ್ಕೊಮ್ಮೆ. ಆರನೇ ದಿನದಿಂದ ಪ್ರತಿದಿನ ಕಾಲು ಭಾಗ ತೆಗೆಯಲೇಬೇಕು. 15 ಲೀಟರ್‌ನಲ್ಲಿ ಸುಮಾರು 4 ಲೀಟರ್ ನೀರು ಮಗ್ಗಿನಲ್ಲಿ ಎತ್ತಿ, ಒತ್ತಾಗಿ ನೇಯ್ದ ಪಂಚೆ ಬಟ್ಟೆಯಲ್ಲಿ ಸೋಸಿ, ಅಷ್ಟೇ ಹೊಸ ನೀರು ತುಂಬಿ. ಇದರಲ್ಲೇ ನೀರೂ ಬದಲಾಗುತ್ತೆ. ಸೋಸಿದ್ದನ್ನು ಒಳ್ಳೆ ನೀರಲ್ಲಿ ಒಮ್ಮೆ ತೊಳೆದು ಮೀನಿಗೆ ಹಾಕಿ, ಕಲ್ಚರ್ ನೀರು ಟ್ಯಾಂಕಿಗೆ ಹೋಗಬಾರದು.
ತಿಳಿಯಾಗಿದೆಯೋ ಇಲ್ಲವೋ ನೋಡಲು ಗಾಜಿನ ಲೋಟದಲ್ಲಿ ನೀರು ತೆಗೆದು ಹಿಂದೆ ಕಪ್ಪು ಬಟ್ಟೆ ಹಿಡಿಯಿರಿ. ಆಗಲೇ ಮೊಯಿನಾನೂ ಗಮನಿಸಿ. ಬೆನ್ನಿನ ಕಡೆ ದುಂಡಗೆ ಉಬ್ಬಿ ಒಳಗೆ ಮೊಟ್ಟೆ ಕಂಡರೆ ಎಲ್ಲ ಸರಿ ಇದೆ. ಬೆನ್ನ ಮೇಲೆ ಕುದುರೆ ಜೀನಿನ ಹಾಗೆ ಗಾಢ ಬಣ್ಣದ ಮೊಟ್ಟೆ ಚೀಲ ಕಂಡರೆ ಕಲ್ಚರ್‌ಗೆ ಕಷ್ಟಕಾಲ ಶುರುವಾಗಿದೆ ಅಂತ.
ನನ್ನ ಕೇಳಿದರೆ ಈಸ್ಟಿಗಿಂತ ಹಸಿರು ನೀರೇ (ಸಣ್ಣ ಪಾಚಿ ಬೆಳೆದ ನೀರು) ಒಳ್ಳೆಯದು. ಬರೀ ಈಸ್ಟ್ ತಿಂದ ಮೊಯಿನಾದಲ್ಲಿ ಮರಿಗಳಿಗೆ ಬೇಕಾದ ಒಳ್ಳೆ ಕೊಬ್ಬಿನಂಶ ಕಡಿಮೆ.

ಹಸಿರುತೊಟ್ಟಿ:
ಒಪ್ಪುತ್ತೇನೆ, ಒಂದು ಎಚ್ಚರಿಕೆ ಸೇರಿಸಿ. ಕಡು ಹಸಿರು ನೀರು ಬಿಸಿಲಿಗಿದ್ದರೆ ಮಧ್ಯಾಹ್ನ ಪಿಎಚ್ (ನೀರಿನ ಆಮ್ಲ-ಕ್ಷಾರ ಗುಣದ ಅಳತೆ) 9 ದಾಟುತ್ತೆ, ಆಗ ನೀರಲ್ಲಿರುವ ಅಮೋನಿಯಾದ ಹೆಚ್ಚು ಪಾಲು ವಿಷವಾಗುತ್ತೆ. ರಾತ್ರಿ ಅದೇ ಪಾಚಿ ಆಮ್ಲಜನಕ ಎಳೆದುಕೊಳ್ಳುತ್ತೆ. ಈಸ್ಟ್ ಮತ್ತು ಕಡು ಹಸಿರು ನೀರು ಒಂದೇ ಬಕೆಟ್‌ನಲ್ಲಿ ಬೇಡ. ಹಸಿರು ನೀರನ್ನು ಬೇರೆ ಬಕೆಟ್‌ನಲ್ಲಿ ಬಿಸಿಲಿಗೆ ಬೆಳೆಸಿ, ದಿನಾ ಅರ್ಧ ಒಂದು ಲೀಟರ್ ನೆರಳಿನ ಮೊಯಿನಾ ಬಕೆಟ್‌ಗೆ ಸುರಿಯಿರಿ.
ಎರಡು ಮೊಯಿನಾ ಬಕೆಟ್ ಇಡಿ, ಐದು ದಿನ ಆಚೀಚೆ ಶುರುಮಾಡಿ. ಎರಡರ ಬಾಯಿಗೂ ಸೊಳ್ಳೆ ಪರದೆ ಬಟ್ಟೆ ಎಲಾಸ್ಟಿಕ್ ಹಾಕಿ ಬಿಗಿಯಿರಿ. ಮಹಡಿ ಮೇಲೆ ತೆರೆದ ನೀರಂದರೆ ಡೆಂಗಿ ಸೊಳ್ಳೆಯ ಮನೆ, ಅಕ್ಕಪಕ್ಕದವರ ಆರೋಗ್ಯದ ಪ್ರಶ್ನೆ.

ದಾವಣಗೆರೆ ಗಪ್ಪಿ:
ಹದಿನಾಲ್ಕು ದಿನ ಆಯ್ತು, ಕಲ್ಚರ್ ಸಾಯದೆ ಉಳ್ಕೊಂಡಿದೆ! ಮೆಟ್ಟಿಲ ಕೆಳಗೆ ನೆರಳಿಗೆ ಇಟ್ಟೆ, ಮಧ್ಯಾಹ್ನ 29 ಡಿಗ್ರಿ. ಸಕ್ಕರೆ ಇಲ್ಲ. ದಿನಾ ಕಾಲು ಭಾಗ ತೆಗೀತಿದ್ದೀನಿ. ಇಬ್ಬರಿಗೂ ತುಂಬ ಧನ್ಯವಾದ. ಇನ್ನೆರಡು ಅನುಮಾನ. ತಳದಲ್ಲಿ ಕೆಂಪು ಹುಳ ನಾಲ್ಕೈದು ಕಾಣ್ತಿವೆ. ಹಳೆ ಬಕೆಟ್‌ನ ತಳದ ಕೆಸರು ಇನ್ನೂ ಹಾಗೇ ಇದೆ, ಬಿಸಾಡ್ಲಾ?

ಮೀನ್‌ಮನೆ:
ಕೆಂಪು ಹುಳ ಅಂದರೆ ಬ್ಲಡ್‌ವರ್ಮ್, ಒಂದು ಥರದ ನೊಣದ ಮರಿ. ಅದು ಮೊಯಿನಾವನ್ನು ತಿನ್ನಲ್ಲ, ದೊಡ್ಡ ಗಪ್ಪಿಗೆ ಹಾಕಿಬಿಡಿ. ಬಕೆಟ್ ಗೋಡೆಗೆ ಅಂಟಿಕೊಂಡು ದಾರದಂಥ ಕೈ ಚಾಚಿದ ಹೈಡ್ರಾ ಕಂಡರೆ ಮಾತ್ರ ಚಿಂತೆ, ಅದು ಮೊಯಿನಾ ಹಿಡಿದು ತಿನ್ನುತ್ತೆ. ಹೈಡ್ರಾ ಬಂದ ಬಕೆಟ್ ಖಾಲಿ ಮಾಡಿ ಒಣಗಿಸುವುದೇ ದಾರಿ. ಕಲ್ಚರ್ ಶುರುಮಾಡೋಕೆ ಕೆರೆ ನೀರು ತರಬೇಡಿ ಅನ್ನೋದು ಇದಕ್ಕೇ.
ಕೆಸರು ಬಿಸಾಡಬೇಡಿ. ಜೀನಿನಂಥ ಮೊಟ್ಟೆ ಚೀಲ ಇರುವುದು ಅದರಲ್ಲೇ. ಪೇಪರ್ ಮೇಲೆ ತೆಳುವಾಗಿ ಹರಡಿ ನೆರಳಲ್ಲಿ ಒಣಗಿಸಿ, ಡಬ್ಬಿಯಲ್ಲಿಟ್ಟು ತಾರೀಖು ಬರೆಯಿರಿ. ಎರಡೂ ಬಕೆಟ್‌ನ ಕಲ್ಚರ್ ಸತ್ತ ದಿನ ಒಂದು ಚಮಚ ತೆಗೆದು ಒಳ್ಳೆ ನೀರಿಗೆ ಹಾಕಿ ಬೆಳಕಿಗಿಟ್ಟರೆ ಕೆಲವು ದಿನಕ್ಕೆ ಮತ್ತೆ ಮರಿ ಕಾಣಿಸಿಕೊಳ್ಳುತ್ತವೆ.